ಹೊಸಮನಿಯವರ ಹಳೆಮನಿ ಎಲ್ಲಿ?

ಸಾಲ್ಟ್ ಲೇಕ್ ಸಿಟಿ, ಯೂಟಾ
12 ಅಕ್ಟೋಬರ್ 2025

ತೀರ್ಥರೂಪ ಸಮಾನರಾದ ದೊಡ್ಡಪ್ಪನವರ ಪಾದಗಳಿಗೆ ನಿಮ್ಮ ಮಗಳು ಮಾಡುವ ನಮಸ್ಕಾರಗಳು. ಇಲ್ಲಿ ನಾವು ಮೂವರೂ ಕ್ಷೇಮವಾಗಿದ್ದೇವೆ. ನಿಮ್ಮ ಮಂಡಿನೋವು ಈಗ ಕಡಿಮೆಯಾಗಿದೆಯೆಂದು ತಮ್ಮ ತಿಳಿಸಿದ. ದೊಡ್ಡವ್ವ ಕಳಿಸಿದ ಅಗಸಿ ಚಟ್ನಿಪುಡಿ ತಲುಪಿತು, ಮುಗಿಯುತ್ತಲೂ ಬಂದಿದೆ.

ವಾರಕ್ಕೊಮ್ಮೆ ಫೋನಿನಲ್ಲಿ ಮಾತಾಡುವವಳು ಈಗೇಕೆ ಇಷ್ಟುದ್ದದ ಕಾಗದ ಬರೆಯುತ್ತಿದ್ದಾಳೆಂದು ನಿಮಗೆ ಅನ್ನಿಸಬಹುದು. ಫೋನಿನಲ್ಲಿ ನಮ್ಮ ಮಾತು ಮಳೆ, ಔಷಧಿ, ಗೋವಿನಜೋಳದ ಧಾರಣೆ ಇಷ್ಟರಲ್ಲೇ ಮುಗಿದುಹೋಗುತ್ತದೆ. ಈಗ ಹೇಳಬೇಕಾದ ಸಂಗತಿಗೆ ಹಿಂದುಮುಂದಿನ ವಿವರ ಬೇಕು. ಅಲ್ಲದೆ ಓದಿದ ಮೇಲೆ ನೀವು ಇದನ್ನು ಅಟ್ಟದ ಮೇಲಿನ ಕಬ್ಬಿಣದ ಟ್ರಂಕಿನಲ್ಲಿ ಉಳಿದ ಕಾಗದಗಳ ಜೊತೆಗೆ ಇಡಬೇಕೆಂಬುದು ನನ್ನ ಆಸೆ. ಆ ಟ್ರಂಕಿನಿಂದಲೇ ನನಗೆ ಆಗಬೇಕಾದ ಕೆಲಸವೂ ಇದೆ.

ಕಳೆದ ಜನವರಿಯಲ್ಲಿ ನಿಮ್ಮ ಮೊಮ್ಮಗನಿಗೆ ಶಾಲೆಯಲ್ಲಿ ವಂಶವೃಕ್ಷ ಬರೆದುತರಲು ಹೇಳಿದ್ದರು. ಒಂದು ದೊಡ್ಡ ಹಾಳೆ, ಅದರ ತುಂಬ ಚೌಕಗಳು. ಎಡಕ್ಕೆ ಅವನ ಹೆಸರು, ಬಲಕ್ಕೆ ಹೋದಂತೆ ಎರಡು, ನಾಲ್ಕು, ಎಂಟು, ಹದಿನಾರು, ಮೂವತ್ತೆರಡು ಚೌಕಗಳು, ಪ್ರತಿ ಗಂಡಸಿನ ಚೌಕದ ಕೆಳಗೆ ಅಷ್ಟೇ ಅಗಲದ ಒಂದು ಹೆಂಗಸಿನ ಚೌಕ. ನಾನು ಅಜ್ಜನ ಹೆಸರು, ಮುತ್ತಜ್ಜನ ಹೆಸರು ಹೇಳಿದೆ. ಮುತ್ತಜ್ಜನ ತಂದೆಯ ಹೆಸರಿಗೆ ನಿಮಗೇ ಫೋನ್ ಮಾಡಿದ್ದೆ, ನೆನಪಿರಬಹುದು. ಆ ಹೆಸರಿನ ಕೆಳಗಿನ ಚೌಕಕ್ಕೆ ಬಂದಾಗ ನೀವೂ ಒಂದು ಗಳಿಗೆ ಸುಮ್ಮನಿದ್ದು, 'ಆ ಮುದುಕಿ ಹೆಸರು ಯಾರಿಗೆ ಗೊತ್ತವ್ವ' ಎಂದಿರಿ. ಮಗ ಆ ಚೌಕದಲ್ಲಿ ಪೆನ್ಸಿಲಿನಿಂದ ಒಂದು ಪ್ರಶ್ನಾರ್ಥಕ ಚಿಹ್ನೆ ಬರೆದುಕೊಂಡು ಶಾಲೆಗೆ ಹೋದ. ಹಾಳೆ ಅಲ್ಲಿಗೆ ಮುಗಿಯಿತು. ಆ ಪೆನ್ಸಿಲಿನ ಚಿಹ್ನೆ ಮಾತ್ರ ನನ್ನನ್ನು ಬಿಡಲಿಲ್ಲ.

ನಾನಿರುವ ಊರೂ ಇದಕ್ಕೆ ಕಾರಣ. ಮಾರ್ಮನ್ನರೆಂದು ಜನ ಕರೆಯುವ ಕ್ರೈಸ್ತ ಪಂಥದವರು 1847ರ ಜುಲೈಯಲ್ಲಿ ಬಂದು ಕಟ್ಟಿದ ಊರಿದು. ನಮ್ಮೂರಲ್ಲಿ ಅಗಸಿಬಾಗಿಲಿನಿಂದ ಎಷ್ಟನೆಯ ಮನೆಯೆಂದು ಗುರುತು ಹೇಳುವಂತೆ ಇಲ್ಲಿನ ಹೆಚ್ಚಿನ ಬೀದಿಗಳಿಗೆ ಅವರ ದೇವಾಲಯದಿಂದ ಎಣಿಸಿಯೇ ಅಂಕಿ ಕೊಟ್ಟಿದ್ದಾರೆ. ಕುಟುಂಬದ ಸಂಬಂಧ ಸಾವಿನಾಚೆಗೂ ಮುಂದುವರಿಯುತ್ತದೆ, ತೀರಿಹೋದ ಹಿರಿಯರ ಪರವಾಗಿ ಬದುಕಿರುವವರು ಸಂಸ್ಕಾರ ಮಾಡಬಹುದು ಎಂಬುದು ಅವರ ನಂಬಿಕೆ. ಅದಕ್ಕೆ ಹಿರಿಯರ ಹೆಸರು ತಿಳಿದಿರಬೇಕಲ್ಲ; ಆದ್ದರಿಂದ 1894ರಲ್ಲೇ ಅವರು ವಂಶಾವಳಿಗಾಗಿ ಒಂದು ಸಂಘ ಸ್ಥಾಪಿಸಿ, 1938ರಿಂದ ದೇಶದೇಶಗಳ ದಾಖಲೆಗಳನ್ನು ಮೈಕ್ರೋಫಿಲ್ಮಿಗೆ ಇಳಿಸತೊಡಗಿದರು. ಇಪ್ಪತ್ತನಾಲ್ಕು ಲಕ್ಷ ಸುರುಳಿಗಳಷ್ಟಾದ ಆ ಫಿಲ್ಮನ್ನು ಊರಾಚೆಯ ಲಿಟಲ್ ಕಾಟನ್‌ವುಡ್ ಕಣಿವೆಯಲ್ಲಿ, ಗ್ರಾನೈಟ್ ಬೆಟ್ಟವನ್ನು ಕೊರೆದು ಮಾಡಿದ ಉಗ್ರಾಣದಲ್ಲಿ ಇಟ್ಟಿದ್ದಾರೆ. ನಮ್ಮ ಹಿರಿಯರು ಹಗೇವಿನಲ್ಲಿ ಜೋಳ ಇಟ್ಟಂತೆ ಇವರು ಬೆಟ್ಟದ ಹೊಟ್ಟೆಯಲ್ಲಿ ಹೆಸರುಗಳನ್ನು ಇಟ್ಟಿದ್ದಾರೆ. 2021ಕ್ಕೆ ಅವೆಲ್ಲವನ್ನೂ ಕಂಪ್ಯೂಟರಿಗೆ ಏರಿಸಿಯೂ ಆಯಿತು. ಪೇಟೆಯ ನಡುವೆ ಅವರ ಫ್ಯಾಮಿಲಿಸರ್ಚ್ ಲೈಬ್ರರಿಯಿದೆ. ಯಾವ ಧರ್ಮದವರು ಹೋದರೂ ದುಡ್ಡು ಕೇಳುವುದಿಲ್ಲ. ಧರ್ಮದ ಮಾತನ್ನೂ ನನ್ನ ಬಳಿ ಯಾರೂ ಎತ್ತಿಲ್ಲವಾದ್ದರಿಂದ ದೊಡ್ಡವ್ವ ಚಿಂತೆ ಮಾಡುವ ಕಾರಣವಿಲ್ಲ.

ನಮ್ಮ ಪಕ್ಕದ ಮನೆಯ ಮುದುಕಿ, ನಿವೃತ್ತ ಶಿಕ್ಷಕಿ, ನನ್ನನ್ನು ಮೊದಲ ಸಲ ಅಲ್ಲಿಗೆ ಕರೆದುಕೊಂಡು ಹೋದರು. 1856ರಿಂದ 1860ರವರೆಗೆ ಬಂಡಿ ಎತ್ತು ಕೊಳ್ಳಲು ಗತಿಯಿಲ್ಲದ ಹಲವು ಮಾರ್ಮನ್ ಕುಟುಂಬಗಳು ಕೈಗಾಡಿಯಲ್ಲಿ ಸಾಮಾನು ಹೇರಿಕೊಂಡು, ತಾವೇ ಎಳೆಯುತ್ತ, ಅಯೋವಾ, ನೆಬ್ರಾಸ್ಕಾಗಳಿಂದ ಇಲ್ಲಿಯವರೆಗೆ ನಡೆದು ಬಂದವಂತೆ. ಈ ಶಿಕ್ಷಕಿಯ ಮುತ್ತಜ್ಜಿಯ ತಾಯಿ ಹಾಗೆ ಬಂದವಳು. ಆಕೆಯ ಹೆಸರು, ಹಡಗು ಹತ್ತಿದ ದಿನ, ದಾರಿಯಲ್ಲಿ ಕಳೆದುಕೊಂಡ ಕೂಸಿನ ವಯಸ್ಸು ಇವೆಲ್ಲವನ್ನೂ ಅವರು ನಿನ್ನೆಯ ಸಂಗತಿಯಂತೆ ಹೇಳಿದರು. ಅವರ ತಾಯಿ ಹುಡುಗಿಯಾಗಿದ್ದಾಗಿನ ಮನೆಯನ್ನು 1950ರ ಜನಗಣತಿಯ ಹಾಳೆಯಲ್ಲಿ ತೋರಿಸಿದರು. ಈ ದೇಶದಲ್ಲಿ ಜನಗಣತಿಯ ಮೂಲ ಹಾಳೆಗಳನ್ನು 72 ವರ್ಷ ಮುಚ್ಚಿಟ್ಟು ಆಮೇಲೆ ತೆರೆಯುತ್ತಾರೆ. 1950ರದ್ದು 2022ರ ಏಪ್ರಿಲಿನಲ್ಲಿ ತೆರೆಯಿತು. ನಮ್ಮಲ್ಲಿಯೂ 1881ರಿಂದ 2011ರವರೆಗೆ ಹತ್ತು ವರ್ಷಕ್ಕೊಮ್ಮೆ ತಪ್ಪದೆ ಗಣತಿ ನಡೆದಿದೆ, ನಮ್ಮ ಪಡಸಾಲೆಯಲ್ಲೂ ಯಾರೋ ಮಾಸ್ತರರು ಕುಳಿತು ಎಲ್ಲರ ಹೆಸರನ್ನೂ ಬರೆದುಕೊಂಡು ಹೋಗಿರುತ್ತಾರೆ. ಆದರೆ ನಮಗೆ ಓದಲು ಸಿಗುವುದು ತಾಲೂಕಿಗೆ ಇಷ್ಟು ಜನ, ಇಷ್ಟು ಮನೆ ಎಂಬ ಲೆಕ್ಕ ಮಾತ್ರ, ಹೆಸರುಗಳಿದ್ದ ಹಾಳೆಗಳಲ್ಲ.

ಅಮೆರಿಕದವರೆಲ್ಲರಿಗೂ ಹೀಗೆ ಸುಲಭವಾಗಿ ಹೆಸರು ಸಿಗುತ್ತದೆಂದು ತಿಳಿಯಬೇಡಿ. ನನ್ನ ಕಚೇರಿಯ ಸಹೋದ್ಯೋಗಿಯೊಬ್ಬರ ಹಿರಿಯರು ಗುಲಾಮರಾಗಿದ್ದವರು. ಅವರ ಹುಡುಕಾಟ 1870ಕ್ಕೆ ಬಂದು ಗೋಡೆಗೆ ಬಡಿದಂತೆ ನಿಲ್ಲುತ್ತದೆ. ಏಕೆಂದರೆ ಬಿಡುಗಡೆಯಾದ ಆ ಜನರಲ್ಲಿ ಹೆಚ್ಚಿನವರ ಹೆಸರನ್ನು ಗಣತಿಯಲ್ಲಿ ಬರೆದದ್ದು ಆ ವರ್ಷವೇ ಮೊದಲು. 1850 ಮತ್ತು 1860ರ ಗುಲಾಮರ ಪಟ್ಟಿಗಳಲ್ಲಿ ಒಡೆಯನ ಹೆಸರಿನ ಕೆಳಗೆ ವಯಸ್ಸು, ಗಂಡೋ ಹೆಣ್ಣೋ, ಮೈಬಣ್ಣ ಇಷ್ಟೇ ಇರುತ್ತದೆ. 'ಇಪ್ಪತ್ತೆರಡು ವರ್ಷದ ಹೆಣ್ಣು' ಎಂಬ ಸಾಲಿನ ಮೇಲೆ ಬೆರಳಿಟ್ಟು, ಇವಳೇ ನನ್ನ ಹಿರಿಯಳಿರಬಹುದು, ಇಲ್ಲದಿರಲೂಬಹುದು ಎಂದು ಅವರು ಹೇಳಿದಾಗ ನನಗೆ ಮಾತು ಹೊರಡಲಿಲ್ಲ. ಯಾರ ಹೆಸರನ್ನು ಬರೆಯಬೇಕು, ಯಾರದನ್ನು ಬರೆಯಬೇಕಾಗಿಲ್ಲ ಎಂಬುದನ್ನು ಪ್ರತಿ ಕಾಲದಲ್ಲಿಯೂ ಯಾರೋ ಕುಳಿತು ನಿರ್ಧರಿಸಿರುತ್ತಾರೆ. ಈ ಮಾತನ್ನು ಮುಂದೆ ನಮ್ಮ ಮನೆಯ ವಿಷಯದಲ್ಲಿಯೂ ಎತ್ತುತ್ತೇನೆ.

ಲೈಬ್ರರಿಯ ಸ್ವಯಂಸೇವಕಿ ಮೊದಲು ಕೇಳಿದ್ದು ನಮ್ಮ ಅಡ್ಡಹೆಸರಿನ ಅರ್ಥವನ್ನು. ಹೊಸಮನಿಯೆಂದರೆ ಹೊಸ ಮನೆ ಎಂದೆ. 'ಹಾಗಾದರೆ ಹಳೆಯ ಮನೆ ಎಲ್ಲಿತ್ತು?' ಎಂದು ಅವರು ಸಹಜವಾಗಿ ಕೇಳಿದರು. ದೊಡ್ಡಪ್ಪ, ನಲವತ್ತೊಂದು ವರ್ಷ ಆ ಹೆಸರಿನ ಮನೆಯ ಮಗಳಾಗಿದ್ದು, ಶಾಲೆಯ ಹಾಜರಿಯಿಂದ ಹಿಡಿದು ಪಾಸ್‌ಪೋರ್ಟಿನವರೆಗೆ ಅದನ್ನು ಬರೆದು, ಈ ಪ್ರಶ್ನೆ ನನಗೆ ಒಮ್ಮೆಯೂ ಹೊಳೆದಿರಲಿಲ್ಲ. ನಮ್ಮ ಕಡೆ ಮೆಣಸಿನಕಾಯಿ, ಉಳ್ಳಾಗಡ್ಡಿ, ಅಂಗಡಿ, ಹೂಗಾರ ಎಂಬ ಅಡ್ಡಹೆಸರುಗಳನ್ನು ಕೇಳಿ ಬೆಂಗಳೂರಿನವರು ನಗುತ್ತಾರೆ. ನಾವೂ ಅವರ ಜೊತೆ ನಕ್ಕು ಸುಮ್ಮನಾಗುತ್ತೇವೆ. ಒಂದೊಂದು ಹೆಸರಿನ ಹಿಂದೆಯೂ ಯಾವುದೋ ಕಸುಬು, ವ್ಯಾಪಾರ ಅಥವಾ ಊರು ಬಿಟ್ಟು ಬಂದ ಕಥೆ ಇದ್ದೀತೆಂದು ನಿಂತು ಕೇಳುವುದಿಲ್ಲ.

ಆಗ ನನಗೆ ನೆನಪಾದದ್ದು ಹೆಳವ. ನಾನು ನಾಲ್ಕನೆಯ ಇಯತ್ತೆಯಲ್ಲಿದ್ದಾಗ, ಸುಗ್ಗಿ ಮುಗಿದ ಒಂದು ನಸುಕಿನಲ್ಲಿ ಓಣಿಯ ಕೊನೆಯಿಂದ ಗಂಟೆಯ ಸದ್ದು ಕೇಳಿಸಿತ್ತು. ಸಿಂಗರಿಸಿದ ಎತ್ತಿನ ಮೇಲೆ, ಕಾಲಿಗೆ ಕಂಬಳಿ ಹೊದ್ದುಕೊಂಡು, ಆತ ನಮ್ಮ ಬಾಗಿಲ ಮುಂದೆ ನಿಂತು ನಮ್ಮ ಹಿರಿಯರ ಹೆಸರುಗಳನ್ನು ಒಂದೇ ಉಸಿರಿಗೆ ರಾಗವಾಗಿ ಹೇಳತೊಡಗಿದ. ಕಾಲಿಲ್ಲದ ಹೆಳವನಿಗೆ ಬಸವಣ್ಣನವರು ಎತ್ತು ಕೊಟ್ಟು, ಮನೆತನಗಳ ಹೆಸರು ಹೇಳಿ ಬದುಕು ಎಂದು ಹರಸಿದರೆಂಬ ಕಥೆಯನ್ನು ಅಜ್ಜಿ ಹೇಳಿದ್ದಳು. ಕಂಬಳಿಯ ಕೆಳಗೆ ಆತನಿಗೆ ಎರಡೂ ಕಾಲುಗಳಿರುವುದನ್ನು ಕಂಡುಹಿಡಿದು ನಾನು ಮತ್ತು ತಮ್ಮ ಹೊಟ್ಟೆ ಹಿಡಿದು ನಕ್ಕೆವು. ನೀವು ನಮ್ಮಿಬ್ಬರನ್ನೂ ಗದರಿಸಿ, ಅವನನ್ನು ಪಡಸಾಲೆಗೆ ಕರೆದು ಕೂರಿಸಿ, ಹೊತ್ತಿಗೆ ತೆಗೆಸಿ, ತಮ್ಮನ ಹೆಸರು ಬರೆಸಿ, ಒಂದು ಚೀಲ ಜೋಳ ಮತ್ತು ಒಂದು ಧೋತರ ಕೊಟ್ಟು ಕಳಿಸಿದಿರಿ. ಇಲ್ಲಿ ಬೆಟ್ಟ ಕೊರೆದು ಕಾಪಾಡುತ್ತಿರುವುದನ್ನು ಅಲ್ಲಿ ಒಬ್ಬ ಮನುಷ್ಯ ಎತ್ತಿನ ಮೇಲೆ ಹೇರಿಕೊಂಡು ಬಂದಿದ್ದ, ನಾನು ಅವನ ಕಾಲು ನೋಡುತ್ತ ನಿಂತಿದ್ದೆ. ಹರಿದ್ವಾರದ ಪಂಡಾಗಳ, ಅಂದರೆ ತೀರ್ಥಪುರೋಹಿತರ, ವಂಶಾವಳಿಯ ವಹಿಗಳನ್ನೂ ಇಲ್ಲಿಯವರು ಫಿಲ್ಮಿಗೆ ಇಳಿಸಿಕೊಂಡಿದ್ದಾರೆ ಎಂದು ಸ್ವಯಂಸೇವಕಿ ಹೇಳಿದಾಗ, ನಮ್ಮ ಮನೆಯ ವಹಿ ಎತ್ತಿನ ಮೇಲೆ ಮನೆಬಾಗಿಲಿಗೇ ಬರುತ್ತದೆ ಎಂದು ತುಸು ಜಂಬದಿಂದಲೇ ಹೇಳಿದೆ.

ಅಂದಿನಿಂದ ಈ ಹುಚ್ಚು ಹತ್ತಿತು. ಮಗ ಮಲಗಿದ ಮೇಲೆ ರಾತ್ರಿ ಒಂದು ಗಂಟೆಯವರೆಗೆ ಕೂರುವುದನ್ನು ನೋಡಿ ನಿಮ್ಮ ಅಳಿಯಂದಿರು, ಬದುಕಿರುವ ನಮಗೂ ಸ್ವಲ್ಪ ಹೊತ್ತು ಕೊಡು ಎಂದು ಹಂಗಿಸುತ್ತಾರೆ. ತಮ್ಮ ಟ್ರಂಕಿನ ಕಾಗದಗಳ ಫೋಟೋಗಳನ್ನು ವಾಟ್ಸ್‌ಆ್ಯಪಿನಲ್ಲಿ ಕಳಿಸಿದ. ಅವುಗಳಲ್ಲಿ ಮುತ್ತಜ್ಜನ ಕೈಬರಹದ ಕಿರ್ದಿ ಪುಸ್ತಕವಿತ್ತು. ಅದರ ಒಂದು ಪುಟದ ಅಂಚಿನಲ್ಲಿ 'ಧಾತು ಸಂವತ್ಸರ ವೈಶಾಖ ಮಾಸ ಗಂಡು ಕೂಸು' ಎಂದು ಬರೆದದ್ದನ್ನು ಓದಿ ನನಗೆ ಮೈ ಜುಮ್ಮೆಂದಿತು. ಧಾತು ಎಂದರೆ 1876-77, ಧಾತು ಈಶ್ವರ ಬರವೆಂದು ಹಿರಿಯರು ನೆನೆಯುತ್ತಿದ್ದ ಆ ಘೋರ ಬರಗಾಲದ ವರ್ಷ. ಅಂಥ ಬರದಲ್ಲಿ ನಮ್ಮ ಮನೆಯಲ್ಲೊಂದು ಕೂಸು ಹುಟ್ಟಿ ಬದುಕಿತೆಂದು ನಾನು ಅಳುವುದೊಂದು ಬಾಕಿ. ಆ ಕೂಸಿನ ಸುತ್ತ ಮೂರು ವಾರ ಕುಳಿತು ಇಡೀ ವಂಶವೃಕ್ಷ ಕಟ್ಟಿದೆ. ನಾಲ್ಕನೆಯ ವಾರ, ಎರಡು ಪುಟ ಹಿಂದೆ ಅಂಟಿಸಿದ್ದ ರೆವಿನ್ಯೂ ಸ್ಟ್ಯಾಂಪನ್ನು ದೊಡ್ಡದು ಮಾಡಿ ನೋಡಿದರೆ ಅದರಲ್ಲಿದ್ದದ್ದು ವಿಕ್ಟೋರಿಯಾ ರಾಣಿಯ ಮುಖವಲ್ಲ, ಗಡ್ಡದ ಐದನೆಯ ಜಾರ್ಜ್! ಸಂವತ್ಸರಗಳು ಅರವತ್ತು ವರ್ಷಕ್ಕೊಮ್ಮೆ ತಿರುಗಿ ಬರುತ್ತವೆಂಬುದನ್ನು ಯುಗಾದಿಗೆ ಪಂಚಾಂಗ ಕೇಳುತ್ತ ಬೆಳೆದ ನಾನೇ ಮರೆತಿದ್ದೆ. ಅದು 1936ರ ಧಾತು. ಆ ಕೂಸು ಬೇರೆ ಯಾರೂ ಅಲ್ಲ, ನಮ್ಮ ಅಜ್ಜ, ನಿಮ್ಮ ತಂದೆ.

ಅಜ್ಜನ ಶಾಲೆಯ ದಾಖಲೆಯಲ್ಲಿ ಹುಟ್ಟಿದ ದಿನ 1-6-1934 ಎಂದಿದೆ. ನಮ್ಮ ಕಡೆಯ ಅರ್ಧ ಊರು ಜೂನ್ ಒಂದರಂದೇ ಹುಟ್ಟಿದೆಯಷ್ಟೆ. ಶಾಲೆಗೆ ಸೇರಿಸುವ ದಿನ ಮಾಸ್ತರರು ಕೂಸಿನ ಎತ್ತರ ನೋಡಿ ಬರೆದುಕೊಂಡ ತಾರೀಕದು. ಕಿರ್ದಿಯ ಅಂಚಿನ ಆ ಒಂದು ಸಾಲಿನಿಂದ ಅಜ್ಜನಿಗೆ ನಿಜವಾದ ತಿಂಗಳು ಮತ್ತು ವರ್ಷ ಸಿಕ್ಕಿತು. ನನ್ನ ಮೂರು ವಾರದ ಮರವನ್ನು ಬುಡಸಹಿತ ಕಿತ್ತುಹಾಕಿದೆ, ಆದರೆ ಬೇಸರವಾಗಲಿಲ್ಲ.

ಕಲಿಯಬೇಕಾದದ್ದು ಇನ್ನೂ ಇತ್ತು. ನಮ್ಮಲ್ಲಿ ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ಪದ್ಧತಿಯಿರುವುದರಿಂದ ಎರಡೇ ಹೆಸರುಗಳು ಒಂದು ಬಿಟ್ಟು ಒಂದು ತಲೆಮಾರಿಗೆ ಬರುತ್ತವೆ. ಹೊಲದ ಉತಾರದಲ್ಲಿ ತಂದೆಯ ಹೆಸರನ್ನೂ ಕೂಡಿಸಿ ಓದಿದರೂ ಅಜ್ಜ ಯಾರು, ಮೊಮ್ಮಗ ಯಾರು ಎಂಬುದು ವರ್ಷ ನೋಡದೆ ತಿಳಿಯುವುದಿಲ್ಲ. ಚೊಚ್ಚಲ ಹೆರಿಗೆ ತವರಿನಲ್ಲೇ ಆಗುವುದರಿಂದ ಮನೆಯ ಹಿರಿಯ ಮಗನ ಹುಟ್ಟನ್ನು ನಮ್ಮೂರ ದಫ್ತರದಲ್ಲಿ ಹುಡುಕಿ ಫಲವಿಲ್ಲ, ತಾಯಿಯ ಊರಿನದನ್ನು ನೋಡಬೇಕು. ತಾಯಿ ಯಾವ ಊರಿನವಳೆಂದು ತಿಳಿಯದಿದ್ದರೆ ಆ ದಾರಿಯೂ ಮುಚ್ಚಿತು. ಹೀಗೆ ಎಲ್ಲಿಂದ ಹೊರಟರೂ ನಾನು ಮಗನ ಹಾಳೆಯ ಆ ಖಾಲಿ ಚೌಕಕ್ಕೇ ಬಂದು ನಿಲ್ಲುತ್ತಿದ್ದೆ.

ಕೊನೆಗೆ ತಮ್ಮ ಎರಡು ದಿನ ರಜೆ ಹಾಕಿ ಸವದತ್ತಿಗೆ ಹೋಗಿ, ನಮ್ಮ ಹಳೆಯ ಹೊಲದ ಹಕ್ಕುದಾಖಲೆಯ ನಕಲು ತೆಗೆಸಿ ಕಳಿಸಿದ. ಮುತ್ತಜ್ಜನ ತಂದೆ ತೀರಿಕೊಂಡಾಗ ಹೊಲ ವಾರಸಾ ಆದ ನೋಂದಣಿ ಅದರಲ್ಲಿದೆ. ಗಂಡುಮಕ್ಕಳಿಬ್ಬರ ಹೆಸರಿನ ಮುಂದೆ 'ಬಿನ್' ಎಂದು ಅವರ ತಂದೆಯ ಹೆಸರು. ಮೂರನೆಯ ಸಾಲಿನಲ್ಲಿ ಒಂದು ಹೆಂಗಸಿನ ಹೆಸರು, ಅದರ ಮುಂದೆ 'ಕೋಂ', ಅಂದರೆ ಇಂಥವನ ಹೆಂಡತಿ, ಆಮೇಲೆ ಅದೇ ಗಂಡಸಿನ ಹೆಸರು. ಆಕೆ ಇದ್ದಳು, ದೊಡ್ಡಪ್ಪ. ಗಂಡನಿಗಿಂತ ಮೊದಲು ಮುತ್ತೈದೆಯಾಗಿ ಹೋಗಿದ್ದರೆ ಊರು ಆಕೆಯನ್ನು ಪುಣ್ಯವಂತೆ ಎನ್ನುತ್ತಿತ್ತು, ಆಕೆಯ ಹೆಸರು ಮಾತ್ರ ಎಲ್ಲಿಯೂ ಉಳಿಯುತ್ತಿರಲಿಲ್ಲ. ವಿಧವೆಯಾದ್ದರಿಂದ ಸರಕಾರದ ಕಾಗದದಲ್ಲಿ ಆಕೆಗೆ ಒಂದು ಸಾಲು ದೊರೆಯಿತು.

ಆ ಹೆಸರನ್ನು ಈ ಪತ್ರದಲ್ಲಿ ಬೇಕೆಂದೇ ಬರೆಯುತ್ತಿಲ್ಲ. ತಮ್ಮನಿಗೂ ಬಾಯಿ ಬಿಡಬೇಡವೆಂದು ಹೇಳಿದ್ದೇನೆ. ನರಗುಂದದ ಅಜ್ಜಿ, ಅಜ್ಜನ ತಂಗಿ, ಬರುವ ತಿಂಗಳು ನಮ್ಮ ಮನೆಗೆ ಬರುವವರಿದ್ದಾರಂತೆ. ನಿಮ್ಮ ಅಪ್ಪನ ಅವ್ವನನ್ನು ಏನೆಂದು ಕರೆಯುತ್ತಿದ್ದರು ಎಂದು ಅವರನ್ನು ನೀವೇ ಕೇಳಿ. ಹೆಸರನ್ನು ನಾವೇ ಮೊದಲು ಹೇಳಿದರೆ ಮುಪ್ಪಿನವರು ಹೌದೆಂದು ತಲೆಯಾಡಿಸಿಬಿಡುತ್ತಾರೆ, ಅದು ಸಾಕ್ಷಿಯಾಗುವುದಿಲ್ಲ. ಮಗ್ಗಲು ಬದಲಿಸಿ ಬದಲಿಸಿ ಕೇಳಬೇಕು: ಅವರು ಯಾವ ಊರಿನ ಮಗಳು, ತವರಿನಿಂದ ಯಾರು ಬರುತ್ತಿದ್ದರು, ಕಿವಿಗೆ ಏನು ಹಾಕಿಕೊಳ್ಳುತ್ತಿದ್ದರು, ಮದುವೆಯಲ್ಲಿ ಹೆಸರು ಬದಲಿಸಿದ್ದರೇ. ತಮ್ಮ ಪಕ್ಕದಲ್ಲಿ ಕುಳಿತು ಫೋನಿನಲ್ಲಿ ಧ್ವನಿಮುದ್ರಣ ಮಾಡಿಕೊಳ್ಳಲಿ. ಅಜ್ಜಿಯ ಅಪ್ಪಣೆ ಪಡೆದೇ ಮಾಡಲಿ.

ಹಳೆಮನಿಯ ವಿಷಯದಲ್ಲಿ ನನಗೊಂದು ಊಹೆಯಿದೆ, ಊಹೆಯೆಂದೇ ತಿಳಿದು ಓದಿ. ನಮ್ಮ ಓಣಿಯವರೆಲ್ಲರಿಗೂ ಏಳುಕೊಳ್ಳದ ಎಲ್ಲಮ್ಮ ಮನೆದೇವರು. ಗುಡ್ಡ ಕಣ್ಣೆದುರಿಗೇ ಇದ್ದರೂ ನಾವು ಮಾತ್ರ ಬನದ ಹುಣ್ಣಿಮೆಗೆ ಬಾದಾಮಿಯ ಬನಶಂಕರಿಗೆ ಹೋಗುತ್ತೇವೆ. ಚಿಕ್ಕಂದಿನಲ್ಲಿ ನನಗೆ ಅದು ತೇರು, ನಾಟಕ, ಕರದಂಟು ಮಾತ್ರವಾಗಿತ್ತು. ಜನ ಊರು ಬಿಡುತ್ತಾರೆ, ಹೊಲ ಬಿಡುತ್ತಾರೆ, ಮನೆದೇವರನ್ನು ಅಷ್ಟು ಬೇಗ ಬಿಡುವುದಿಲ್ಲ. ಅಜ್ಜಿ 'ನಾವು ಮೂಡಲಸೀಮಿಯಿಂದ ಬಂದವರು' ಎನ್ನುತ್ತಿದ್ದುದನ್ನು ಇದರ ಜೊತೆ ಇಟ್ಟರೆ ನಮ್ಮವರು ಬಾದಾಮಿಯ ಕಡೆಯಿಂದ, ಅಂದಿನ ಕಲಾದಗಿ ಜಿಲ್ಲೆಯಿಂದ ಬಂದಿರಬೇಕೆನ್ನಿಸುತ್ತದೆ. ಆ ಜಿಲ್ಲೆ 1876ರ ಬರದಲ್ಲಿ ಬಹಳ ನೊಂದ ಸೀಮೆ. ಅಂದರೆ ನನ್ನ ಬರದ ಕಥೆ ಒಂದು ಬಾಗಿಲಿಂದ ಹೊರಗೆ ಹೋಗಿ ಇನ್ನೊಂದರಿಂದ ಒಳಗೆ ಬರುತ್ತಿದೆ. ಒಮ್ಮೆ ಮೋಸಹೋದವಳಾದ್ದರಿಂದ ಈ ಸಲ ಅದಕ್ಕೆ ಮಣೆ ಹಾಕದೆ ಬಾಗಿಲಲ್ಲೇ ನಿಲ್ಲಿಸಿದ್ದೇನೆ. ಟ್ರಂಕಿನ ತಳದಲ್ಲಿ ಕೆಂಪು ಅರಿವೆಯಲ್ಲಿ ಸುತ್ತಿಟ್ಟ, ಯಾರಿಗೂ ಓದಲು ಬಾರದ ಆ ಕಾಗದ ಮೋಡಿ ಲಿಪಿಯದು. ಹಿಂದೆ ಕುಲಕರ್ಣಿಯವರ ಲೆಕ್ಕಪತ್ರಗಳು ಹೆಚ್ಚಾಗಿ ಅದರಲ್ಲೇ ಇರುತ್ತಿದ್ದವು. ಕೆಲಸಕ್ಕೆ ಬಾರದ ಕಾಗದವೆಂದು ಅದನ್ನು ಒಗೆಯಬೇಡಿ, ಮಡಿಕೆಗಳಿಗೆ ಅಂಟುಪಟ್ಟಿಯನ್ನೂ ಹಚ್ಚಬೇಡಿ. ಮೋಡಿ ಓದಬಲ್ಲವರನ್ನು ಧಾರವಾಡದಲ್ಲೋ ಬೆಳಗಾವಿಯಲ್ಲೋ ಹುಡುಕಲು ತಮ್ಮನಿಗೆ ಹೇಳಿದ್ದೇನೆ.

ಇನ್ನು ನಿಮಗೆ ರುಚಿಸದಿರಬಹುದಾದ ಒಂದು ಮಾತು. ಮುತ್ತಜ್ಜನ ಕಿರ್ದಿಯಲ್ಲಿ ನಮ್ಮವರಿಗಿಂತ ಹೆಚ್ಚಾಗಿ ನಮ್ಮ ಹೊಲದಲ್ಲಿ ದುಡಿದವರ ಹೆಸರುಗಳಿವೆ: ಇಂಥವನಿಗೆ ಇಷ್ಟು ಸೇರು ಜೋಳ, ಇಂಥವನ ಹೆಂಡತಿಗೆ ಕಳೆ ತೆಗೆದದ್ದಕ್ಕೆ ಇಷ್ಟು, ಇಂಥವನ ಮೇಲೆ ಇಷ್ಟು ಬಾಕಿ. ಅವರಿಗೆ ಹೊಲವಿರಲಿಲ್ಲವಾದ್ದರಿಂದ ಉತಾರವಿಲ್ಲ, ವಾರಸಾ ಇಲ್ಲ. ಹೆಳವ ಅವರ ಕೇರಿಗೆ ಹೋದದ್ದನ್ನೂ ನಾನು ಕಂಡಿಲ್ಲ. ಅವರ ಮೊಮ್ಮಕ್ಕಳು ಊರಲ್ಲೇ ಇದ್ದಾರೆ, ಒಬ್ಬರು ತಮ್ಮನ ಜೊತೆಯಲ್ಲೇ ಕಲಿತವರು. ತಮ್ಮ ಅಜ್ಜ ಅಜ್ಜಿಯರ ಹೆಸರು ಬರೆದಿರುವ ಕಾಗದ ಅವರ ಪಾಲಿಗೆ ಬಹುಶಃ ಅದೊಂದೇ, ಅದೂ ನಮ್ಮ ಟ್ರಂಕಿನಲ್ಲಿ. ಆ ಪುಟಗಳ ಪ್ರತಿ ಮಾಡಿಸಿ ಅವರ ಮನೆಗಳಿಗೆ ಕೊಡಬೇಕೆಂದು ನನ್ನ ಮನಸ್ಸು. ಸಾಲದ ಲೆಕ್ಕವೂ ಅದರಲ್ಲಿರುವುದರಿಂದ ನಿಮಗೆ ಮುಜುಗರವಾದೀತೆಂದು ಬಲ್ಲೆ. ಆದರೂ ನೀವು ಬೇಡವೆನ್ನಲಾರಿರಿ ಎಂಬ ನಂಬಿಕೆಯಿಂದ ಕೇಳುತ್ತಿದ್ದೇನೆ. ನೀವು ಹೂಂ ಎನ್ನುವವರೆಗೆ ತಮ್ಮ ಏನೂ ಮಾಡುವುದಿಲ್ಲ.

ಮುಖ್ಯವಾದ ಬೇಡಿಕೆ ಇದು. ಹೆಳವ ಈಗ ನಮ್ಮೂರಿಗೆ ಬಂದು ಎಷ್ಟೋ ವರ್ಷವಾಯಿತೆಂದು ನೀವೇ ಹೇಳಿದಿರಿ. ಅಂದು ಬಂದಾತನ ಮಗನೋ ಮೊಮ್ಮಗನೋ ಎಲ್ಲಾದರೂ ಇದ್ದೇ ಇರುತ್ತಾನೆ. ಬೀಗರ ಊರುಗಳಲ್ಲಿ ವಿಚಾರಿಸಿ, ಈ ಸುಗ್ಗಿಗೆ ಅವನನ್ನು ಕರೆಸಿ. ಜೋಳ, ಧೋತರ, ಕಾಣಿಕೆ ಏನು ಕೊಡಬೇಕೋ ಅದರ ಖರ್ಚು ನನ್ನದಿರಲಿ. ಮೂಲಪುರುಷ ಯಾರು, ಯಾವ ಊರಿಂದ ಬಂದ, ಬೆಡಗು, ಅಂದರೆ ಕುಲದ ಕವಲು, ಯಾವುದು, ಹೊಸ ಮನೆ ಕಟ್ಟಿದವನಾರು ಎಂಬುದನ್ನು ಅವನ ಹೊತ್ತಿಗೆಯಲ್ಲಿ ಓದಿಸಿ. ನನ್ನ ಊಹೆಯನ್ನು ಅವನಿಗೂ ಮೊದಲೇ ಹೇಳಬೇಡಿ. ಓದಿದ್ದು ಮುಗಿದ ಮೇಲೆ, ವಾರಸಾದಲ್ಲಿ ಸಿಕ್ಕ ಆ ಹೆಸರನ್ನು ತಮ್ಮ ಹೇಳುತ್ತಾನೆ. ಅದನ್ನು ಆಕೆಯ ಗಂಡನ ಹೆಸರಿನ ಪಕ್ಕದಲ್ಲಿ ಬರೆಸಿ. ಆಮೇಲೆ ಅಜ್ಜಿಯದು, ದೊಡ್ಡವ್ವನದು, ನನ್ನ ಅವ್ವನದು, ಅತ್ತೆಯಂದಿರದು. ಹೆಣ್ಣುಮಕ್ಕಳನ್ನು ಬರೆಯುವ ಪದ್ಧತಿಯಿಲ್ಲವೆಂದು ಅವನೆಂದರೆ, ಪದ್ಧತಿ ಇಂದಿನಿಂದ ಇದೆ ಎಂದು ನೀವು ಹೇಳಿ. ಹಿರಿಯರಾದ ನಿಮ್ಮ ಮಾತನ್ನು ಆತ ಮೀರಲಾರ. ಅಂದು ತಮ್ಮನ ಹೆಸರು ಬರೆಸಿದಾಗ ನಾನೂ ಅಲ್ಲೇ ಕಂಬ ಹಿಡಿದು ನಿಂತಿದ್ದೆ. ನನ್ನದನ್ನೂ ಅವನ ಹೆಸರಿನ ಮೇಲೆ ಬರೆಸಿ, ನಾನು ಅವನಿಗಿಂತ ಎರಡು ವರ್ಷ ದೊಡ್ಡವಳು.

ಹೆಳವ ಬರುವುದು ನಸುಕಿನಲ್ಲಲ್ಲವೇ. ಚಳಿಗಾಲದಲ್ಲಿ ಅಲ್ಲಿ ಬೆಳಗಿನ ಆರು ಗಂಟೆಯೆಂದರೆ ಇಲ್ಲಿ ಹಿಂದಿನ ದಿನದ ಸಂಜೆ ಐದೂವರೆ. ಮಗನೂ ಶಾಲೆಯಿಂದ ಬಂದಿರುತ್ತಾನೆ. ಗಂಟೆಯ ಸದ್ದು ಓಣಿಯ ತುದಿಯಲ್ಲಿ ಕೇಳಿದೊಡನೆ ಫೋನ್ ಹಚ್ಚಲು ತಮ್ಮನಿಗೆ ಹೇಳಿ.

ದೊಡ್ಡವ್ವನಿಗೆ ನನ್ನ ನಮಸ್ಕಾರಗಳು, ಮಕ್ಕಳಿಗೆ ಆಶೀರ್ವಾದಗಳು.

ಇಂತಿ ನಿಮ್ಮ ಪ್ರೀತಿಯ ಮಗಳು